ಅಣ್ಣಂದಿರ ಅಂಗಿ

ಸೌದಿಯಲ್ಲಿ ನರ್ಸಾಗಿದ್ದೆ ಎಂದು ಗೊತ್ತಾದ ಕೂಡಲೇ ನಮ್ಮ ಕಾಪು ಕಡೆಯ ಹೆಂಗಸರು ಕೇಳುವುದು ಎರಡೇ: ಚಿನ್ನ ಎಷ್ಟು ತಂದಿರಿ, ಅಲ್ಲಿ ಸೆಕೆ ಎಷ್ಟು. ಚಿನ್ನ ತಮ್ಮನ ಓದಿಗೂ ತಂಗಿಯ ಮದುವೆಗೂ ಕರಗಿಹೋಯಿತು. ಸೆಕೆ ನಮ್ಮ ಕಡಲ ಕರೆಯಲ್ಲೇನು ಕಡಿಮೆಯೇ? ಅಲ್ಲಿಂದ ನಾನು ಹೊತ್ತು ತಂದದ್ದು ಇನ್ನೊಂದು ಉಂಟು. ಅದನ್ನು ಯಾರೂ ಕೇಳಲಿಲ್ಲ, ನಾನಾಗಿ ಹೇಳಲು ಬಾಯಿ ಬರಲಿಲ್ಲ. ಈಗ ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲ ಬಂದು ಠಿಕಾಣಿ ಹೂಡಿವೆ. ಇನ್ನು ಯಾವಾಗ ಹೇಳುವುದು?

ಎಂಬತ್ತರ ದಶಕದ ಮೊದಲ ವರ್ಷಗಳು. ಜಿದ್ದಾದ ಹಳೇ ಪೇಟೆಯ ಹತ್ತಿರ ಒಂದು ಖಾಸಗಿ ಪಾಲಿಕ್ಲಿನಿಕ್ಕು. ಮಾಲೀಕ, ಎಂದರೆ ನಮ್ಮೆಲ್ಲರ ವೀಸಾ ಕೈಯಲ್ಲಿಟ್ಟುಕೊಂಡ ಕಫೀಲ್, ತಿಂಗಳಿಗೊಮ್ಮೆ ಬಂದು ಕಾಫಿ ಕುಡಿದು ಹೋಗುವವನು. ಈಜಿಪ್ಟಿನ ಡಾಕ್ಟರುಗಳು, ಕೇರಳದ ನರ್ಸುಗಳು, ಅವರ ನಡುವೆ ನಾನು. ಕನ್ನಡ ಮಾತಾಡಲು ಸಿಕ್ಕವರು ಒಬ್ಬರೇ, ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಉಳ್ಳಾಲದ ಬ್ಯಾರಿ. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಸಾಹೇಬ್ರೆ ಎನ್ನುತ್ತಿದ್ದೆ. ಅವರು ನನ್ನನ್ನು ‘ಸಿಸ್ಟರಕ್ಕ’ ಎಂದು ಕರೆದು ಎರಡು ಭಾಷೆಯಲ್ಲಿ ಅಕ್ಕ ಮಾಡಿಕೊಂಡರು.

ನಾನು ಬಂದಿಳಿದ ದಿನ, ಅಳು ನುಂಗಿಕೊಂಡು ಕೂತವಳ ಮುಂದೆ ಚಹಾ ಇಟ್ಟು ಅವರು ಹೇಳಿದ್ದು ಇಷ್ಟು: “ಹೆದರ್ಬೇಡಿ ಸಿಸ್ಟರಕ್ಕ. ಇಲ್ಲಿ ಬದುಕ್ಲಿಕ್ಕೆ ಎರಡು ಶಬ್ದ ಸಾಕು. ಹೊರಡ್ಲಿಕ್ಕೆ ಯಲ್ಲಾ. ಎಷ್ಟು ಅಂತ ಕೇಳ್ಲಿಕ್ಕೆ ಕಮ್. ಬಾಕಿದ್ದೆಲ್ಲ ಕೈಸನ್ನೆಯಲ್ಲಿ ಆಗ್ತದೆ.”

ಅವರು ಹೇಳಿದ್ದು ಸುಳ್ಳಲ್ಲ. ಮೀನು ಮಾರುವವನ ಹತ್ತಿರ ಕಮ್, ಟ್ಯಾಕ್ಸಿಯವನ ಹತ್ತಿರ ಕಮ್, ಜ್ವರ ಬಂದು ಎಷ್ಟು ದಿನವಾಯಿತು ಎಂದು ರೋಗಿಯ ಹತ್ತಿರ ಕಮ್. ಆ ಶಬ್ದ ಗೊತ್ತಿಲ್ಲದ ಇಂಡಿಯಾದವರನ್ನು ಜಿದ್ದಾದಲ್ಲಿ ನಾನು ಕಂಡಿಲ್ಲ. ವರ್ಷ ಕಳೆಯುವುದರೊಳಗೆ ನನಗೆ ಅರಬಿ ಕೇಳಿದರೆ ತಿಳಿಯುವಷ್ಟು ಬಂತು.

ಮರುವರ್ಷ ಮಕ್ಕಳ ಡಾಕ್ಟರಾಗಿ ಸುಡಾನಿನವರೊಬ್ಬರು ಸೇರಿದರು. ಎತ್ತರದ ಆಳು, ದಟ್ಟ ಕಪ್ಪು. ಮಾತು ಮೆತ್ತಗೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಬಂದ ವಾರವೇ ತಮ್ಮ ಕೋಣೆಯ ಹಸಿರು ಗೋಡೆಗೆ ಬಿಳಿ ಬಣ್ಣ ಹೊಡೆಸಿದರು. ಕಿಟಕಿಯ ಹಳದಿ ಪರದೆಯನ್ನು ಕಿತ್ತು ನನ್ನ ಕೈಗೆ ಕೊಟ್ಟು, ನೆಲ ಒರೆಸಲು ಇಟ್ಟುಕೊಳ್ಳಿ ಎಂದರು. ಒಳ್ಳೆ ಪರದೆ ಮಾರಾಯ್ರೆ, ಈ ಮನುಷ್ಯನಿಗೆ ಎಂತ ಆಗಿದೆ ಎಂದು ನಾನು ಗೊಣಗಿದೆ.

“ಸಿಸ್ಟರ್, ಇಲ್ಲಿ ಬನ್ನಿ,” ಎಂದು ಅವರು ತಮ್ಮ ಕೈಯನ್ನೇ ಕಿಟಕಿಯ ಬೆಳಕಿಗೆ ಚಾಚಿದರು. “ಹಸಿರು ಗೋಡೆ, ಹಳದಿ ಪರದೆಯ ನಡುವೆ ಈ ಬಣ್ಣದ ಮಗುವಿಗೆ ಕಾಮಾಲೆ ಆದರೆ ನಿಮಗೆ ಕಾಣುತ್ತದೆಯೇ? ನನಗೂ ಕಾಣುವುದಿಲ್ಲ. ನಾನು ಓದಿದ ಪುಸ್ತಕದ ಚಿತ್ರಗಳಲ್ಲಿ ಮಕ್ಕಳೆಲ್ಲ ಗುಲಾಬಿ. ನನ್ನ ತಾಯಿ ಹೆತ್ತಂಥ ಮಗು ಒಂದೂ ಇರಲಿಲ್ಲ.”

ಅಂದಿನಿಂದ ನಮಗೆಲ್ಲ ಹೊಸ ಪಾಠ. ಮಗುವನ್ನು ಹಗಲು ಬೆಳಕಿಗೆ ಒಯ್ಯಬೇಕು. ಕಣ್ಣಿನ ರೆಪ್ಪೆ ಕೆಳಗೆಳೆದು ಬಿಳಿ ಭಾಗ ನೋಡಬೇಕು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಬೇಕು, ಅಂಗೈ ಅಂಗಾಲು ನೋಡಬೇಕು. ಮೈ ನೋಡಿ ‘ಚೆನ್ನಾಗಿದೆ’ ಎಂದು ಹೇಳಿದ ನರ್ಸಿನ ಗತಿ ಕೇಳುವುದೇ ಬೇಡ.

ಶುಕ್ರವಾರ ಕ್ಲಿನಿಕ್ಕಿಗೆ ರಜೆ. ಆ ದಿನ ಮಧ್ಯಾಹ್ನದ ನಮಾಜು ಮುಗಿಸಿ ಡಾಕ್ಟರು ಬಂದರಿನಾಚೆಯ ಒಂದು ಕೇರಿಗೆ ಹೋಗುತ್ತಿದ್ದರು. ಕ್ಲಿನಿಕ್ಕಿನ ವ್ಯಾನು, ಓಡಿಸುವುದು ಸಾಹೇಬರು, ಹಿಂದೆ ಔಷಧಿಯ ಡಬ್ಬಗಳ ಜೊತೆ ಅಬಾಯ ಹೊದ್ದ ನಾನು. ಆಫ್ರಿಕಾದಿಂದ ಅಜ್ಜ ಮುತ್ತಜ್ಜರ ಕಾಲದಲ್ಲಿ ನಡೆದು, ದೋಣಿ ಹತ್ತಿ, ಹಜ್ಜಿಗೆ ಬಂದು, ಹಿಂದಿರುಗಲಾಗದೆ ಉಳಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದರು. ಅಲ್ಲೇ ಹುಟ್ಟಿದರೂ ಅರ್ಧ ಜನಕ್ಕೆ ಇಕಾಮಾ ಇಲ್ಲ. ಇರುವುದಕ್ಕೆ ಕಾಗದ ಇಲ್ಲದವರಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. ಸತ್ತರೆ ಹೂಳಲು ಮಾತ್ರ ಯಾರೂ ಕಾಗದ ಕೇಳುತ್ತಿರಲಿಲ್ಲ ಎಂದು ಡಾಕ್ಟರು ಹಲ್ಲು ಕಚ್ಚಿ ಹೇಳುತ್ತಿದ್ದರು.

ಊರವರು ಆ ಜನರನ್ನು ತಕ್ರೂನಿಗಳು ಎನ್ನುತ್ತಿದ್ದರು, ಮೂಗು ಸೊಟ್ಟ ಮಾಡಿ. ನಮ್ಮ ಇಂಡಿಯಾದವರೇನು ಕಮ್ಮಿ? “ಆ ಕರಿಯರ ಕೇರಿಗೆ ಯಾಕೆ ಹೋಗ್ತಿ?” ಎಂದು ನನ್ನ ಕೋಣೆಯ ಜೊತೆಗಾತಿಯರೇ ಕೇಳುತ್ತಿದ್ದರು. ನಾವೇನು ಹಾಲಿನಲ್ಲಿ ತೊಳೆದವರಾ ಎಂದು ನಾನು ಒಮ್ಮೆ ಕನ್ನಡಿ ತಂದು ಅವರ ಮುಂದೆ ಹಿಡಿದೆ. ಆಮೇಲೆ ಎರಡು ದಿನ ನನ್ನ ಅಡುಗೆ ನಾನೇ ಮಾಡಿಕೊಳ್ಳಬೇಕಾಯಿತು.

ಆ ಕೇರಿಯ ಒಬ್ಬ ತಾಯಿಯ ಕತೆ ಇದು. ಇಪ್ಪತ್ತೈದರ ಆಸುಪಾಸಿನ ಹೆಂಗಸು. ಗಂಡ ಬಂದರಿನಲ್ಲಿ ಮೂಟೆ ಹೊರುವವನು. ಒಬ್ಬಳು ಮಗಳು, ಅವಳ ನಂತರ ಹುಟ್ಟಿದ ಇಬ್ಬರು ಗಂಡುಮಕ್ಕಳೂ ಹುಟ್ಟಿದ ಎರಡೇ ವಾರದೊಳಗೆ ತೀರಿಹೋಗಿದ್ದರು. ಹಾಲು ಬಿಟ್ಟು, ಮಂಪರಾಗಿ, ಕೊನೆಗೆ ಬೆನ್ನು ಬಿಲ್ಲಿನಂತೆ ಬಾಗಿ. ಇಬ್ಬರನ್ನೂ ಪೇಟೆಯ ಖಾಸಗಿ ಡಾಕ್ಟರಿಗೆ ದುಡ್ಡು ಕೊಟ್ಟು ತೋರಿಸಿದ್ದಳಂತೆ. ಈಗ ಅವಳು ಮೂರನೆಯ ಗಂಡನ್ನು ಹೆತ್ತಿದ್ದಳು.

ಕೇರಿಯವರು ಅವಳ ಹತ್ತಿರ ಮಾತಾಡುವುದು ಬಿಟ್ಟಿದ್ದರು. ತಮ್ಮ ಗಂಡುಮಕ್ಕಳನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಇದಕ್ಕೆ ಕಾರಣ ಆ ಕೇರಿಯ ಹೆರಿಗೆಯೆಲ್ಲ ಮಾಡಿಸುತ್ತಿದ್ದ ಒಬ್ಬಳು ಅಜ್ಜಿ. ಕಣ್ಣಿಗೆ ಪೊರೆ ಬಂದಿದ್ದರೂ ಕೈ ಸೂಕ್ಷ್ಮ, ಮಾತು ಖಡಕ್ಕು. ಆ ಅಜ್ಜಿಯ ಮಾತೆಂದರೆ ಕೇರಿಗೆ ಕಾನೂನು. ಸತ್ತ ಮೊದಲ ಮಗು ಒಂಟಿಯಾಗಿ, ಎರಡನೆಯದನ್ನು ಕರೆದುಕೊಂಡಿತು, ಇನ್ನು ಇವಳು ಎಷ್ಟು ಗಂಡು ಹೆತ್ತರೂ ಅಣ್ಣಂದಿರು ಬಿಡುವುದಿಲ್ಲ, ಹೆಣ್ಣು ಅವರಿಗೆ ಬೇಡ, ಅದಕ್ಕೇ ಮಗಳು ಉಳಿದಳು ಎಂದು ಅಜ್ಜಿ ಹೇಳಿದ್ದಳು.

ಕೇಳಿ ನಾನು ನಗಲಿಲ್ಲ. ನಾನು ನಗುವುದು ಹೇಗೆ? ನಮ್ಮ ಕಡೆ ಸತ್ತವರನ್ನು ಕುಲೆ ಎನ್ನುತ್ತೇವೆ. ಎಳವೆಯಲ್ಲೇ ಸತ್ತ ಮಕ್ಕಳಿಗೆ ಪ್ರಾಯ ತುಂಬುವ ವರ್ಷ ಲೆಕ್ಕ ಹಾಕಿ, ಇನ್ನೊಂದು ಮನೆಯ ಕುಲೆ ಹುಡುಕಿ, ಮದುವೆ ಮಾಡಿಸಿ ಊಟ ಬಡಿಸುವ ಊರಿನವಳು ನಾನು. ಅಂಥ ಒಂದು ಮದುವೆಯಲ್ಲಿ ಹುಡುಗಿಯಾಗಿದ್ದಾಗ ಪಾಯಸ ಉಂಡವಳು. ಸತ್ತವರು ಕರೆಯುತ್ತಾರೆ ಎಂದರೆ ನನಗೆ ಮೊದಲು ಬರುವುದು ಭಯ, ಆಮೇಲೆ ವಿಜ್ಞಾನ.

ಆ ಶುಕ್ರವಾರ ಅವಳು ಮಗುವನ್ನು ಎತ್ತಿಕೊಂಡು ನಮ್ಮ ವ್ಯಾನಿನ ಹತ್ತಿರ ಬಂದಳು. ಹುಟ್ಟಿ ಐದಾರು ದಿನದ ಮಗು. “ಹಾಲು ಬಿಟ್ಟಿದ್ದಾನೆ,” ಎಂದಳು. ಅಷ್ಟು ಹೇಳಿ ಡಾಕ್ಟರ ಮುಖವನ್ನೇ ನೋಡುತ್ತ ನಿಂತಳು. ಮೈ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಬಿಸಿಲಿಗೆ ತಿರುಗಿಸಿ ರೆಪ್ಪೆ ಎಳೆದರು. ಕಣ್ಣಿನ ಬಿಳಿ ಅರಸಿನವಾಗಿತ್ತು. ಒಸಡೂ ಹಾಗೆಯೇ.

“ಯಲ್ಲಾ,” ಎಂದರು ಡಾಕ್ಟರು. ಸಾಹೇಬರು ವ್ಯಾನು ಹಾರಿಸಿದರು.

ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಇಕಾಮಾ ಕೇಳಿದರು. ಡಾಕ್ಟರು ಕೂಗಾಡಿದರು, ಆಮೇಲೆ ಬೇಡಿಕೊಂಡರು. ಒಳಗೆ ಬಿಡಲಿಲ್ಲ. ಕೊನೆಗೆ ನಮ್ಮ ಬಿಳಿ ಗೋಡೆಯ ಕೋಣೆಯಲ್ಲೇ ಮಗುವಿನ ರಕ್ತ ಬದಲಿಸುವುದೆಂದು ತೀರ್ಮಾನವಾಯಿತು. ಹೊಕ್ಕುಳಿನ ರಕ್ತನಾಳಕ್ಕೆ ಸಣ್ಣ ನಳಿಗೆ ಹಾಕಿ, ಚೂರು ಹಳೇ ರಕ್ತ ತೆಗೆಯುವುದು, ಅಷ್ಟೇ ಹೊಸದು ತುಂಬುವುದು, ಮತ್ತೆ ತೆಗೆಯುವುದು. ರಕ್ತ ಎಲ್ಲಿಂದ ತರುವುದು? ಸಾಹೇಬರು ತಮ್ಮದನ್ನೇ ತೆಗೆಸಿಕೊಂಡು, ಹತ್ತಿಯನ್ನು ತೋಳಿಗೆ ಒತ್ತಿ ಹಿಡಿದುಕೊಂಡೇ ತಾವೇ ಪರೀಕ್ಷೆ ಮಾಡಿ, ಹೊಂದುತ್ತದೆ ಎಂದರು.

ನಾನು ಮಗುವಿನ ಅಂಗಿ ಬಿಚ್ಚಿದೆ. ಬಿಳಿ ಹತ್ತಿ ಬಟ್ಟೆಯದು, ಕೈಹೊಲಿಗೆ, ಕತ್ತಿನ ಸುತ್ತ ಹಸಿರು ನೂಲಿನ ಕಸೂತಿ. ಗಮ್ಮೆಂದು ಒಂದು ವಾಸನೆ ಬಂತು. ನಮ್ಮಮ್ಮನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುವ ವಾಸನೆ, ಚೌತಿಗೂ ಮದುವೆಗೂ ಮಾತ್ರ ಹೊರಗೆ ಬರುವ ಸೀರೆಗಳದ್ದು. ಬಡವಿಯಾದರೂ ಎಷ್ಟು ಅಚ್ಚುಕಟ್ಟು ಎಂದುಕೊಂಡೆ. ಆ ಅಂಗಿಯನ್ನು ಮಡಚಿ ತಾಯಿಯ ಕೈಗೇ ಕೊಟ್ಟೆ.

ಸಂಜೆಯ ಹೊತ್ತಿಗೆ ರಕ್ತ ಬದಲಿಸಿ ಆಯಿತು. ಮಗು ಕೀರಲು ದನಿಯಲ್ಲಿ ಅತ್ತಿತು.

“ಇನ್ನು ಇವ ಅರ್ಧ ಬ್ಯಾರಿ ಸಿಸ್ಟರಕ್ಕ,” ಎಂದರು ಸಾಹೇಬರು, ಜ್ಯೂಸು ಹೀರುತ್ತ. “ದೊಡ್ಡವ ಆದ್ಮೇಲೆ ಮೀನು ಇಲ್ಲದೆ ಒಂದು ತುತ್ತು ಇಳಿಯುದಿಲ್ಲ ನೋಡಿ ಬೇಕಾದ್ರೆ.”

ವಾರ ಕಾಲ ಮಗು ನಮ್ಮಲ್ಲೇ ಕಾಮಾಲೆ ಇಳಿಸುವ ದೀಪದ ಬೆಳಕಿನಡಿ ಮಲಗಿತು. ಡಾಕ್ಟರು ತಾಯಿಗೆ ವಿಷಯ ಬಿಡಿಸಿ ಹೇಳಿದರು. ಕೆಲವರ ರಕ್ತದಲ್ಲಿ ಒಂದು ಕೊರತೆ ಇರುತ್ತದೆ, ಅದು ತಾಯಿಯಿಂದ ಬಂದು ಹೆಚ್ಚಾಗಿ ಗಂಡುಮಕ್ಕಳನ್ನು ಹಿಡಿಯುತ್ತದೆ, ಸುಮ್ಮನಿದ್ದರೆ ಏನೂ ಮಾಡುವುದಿಲ್ಲ, ಆದರೆ ಕೆಲವು ಔಷಧಿ, ಕೆಲವು ಆಹಾರ ತಗಲಿದರೆ ರಕ್ತ ಒಡೆದು ಕಾಮಾಲೆ ಏರುತ್ತದೆ. ಅಲ್ಲಿಯವರು ಬೆಳಿಗ್ಗೆ ಬೇಯಿಸಿ ತಿನ್ನುವ ಫೂಲ್ ಎಂಬ ದೊಡ್ಡ ಅವರೆಯಂಥ ಕಾಳು ಅಂಥದ್ದು. “ಹಾಲೂಡಿಸುವಷ್ಟು ಕಾಲ ಫೂಲ್ ಮುಟ್ಟಬೇಡ. ನನ್ನನ್ನು ಕೇಳದೆ ಒಂದು ಮಾತ್ರೆ ನುಂಗಬೇಡ,” ಎಂದರು. ಅವಳು ಮಗುವಿನ ತಲೆ ಮುಟ್ಟಿ ಆಣೆ ಮಾಡಿದಳು.

ಮಗು ಮನೆಗೆ ಹೋದ ನಂತರದ ಶುಕ್ರವಾರ ನಾವು ಕೇರಿಗೆ ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನು ಕಂಡದ್ದೇ ಮಗುವಿನ ಕಣ್ಣಿನ ರೆಪ್ಪೆಯನ್ನು ತಾನೇ ಕೆಳಗೆಳೆದು ತೋರಿಸಿದಳು. ಡಾಕ್ಟರು ಕಲಿಸಿದ ಹಾಗೆಯೇ, ಬಿಸಿಲಿಗೆ ತಿರುಗಿಸಿ. ಮತ್ತೆ ಅರಸಿನ.

ಪುನಃ ರಕ್ತ ಬದಲಿಸಿದರೆ ತಡೆದುಕೊಳ್ಳುವ ಶಕ್ತಿ ಆ ಮಗುವಿಗಿರಲಿಲ್ಲ. ಡಾಕ್ಟರು ಕೇಳಿದ್ದಕ್ಕೆಲ್ಲ ಅವಳು ಇಲ್ಲ ಇಲ್ಲ ಎಂದಳು. ಫೂಲ್ ತಿಂದಿಲ್ಲ, ಮಾತ್ರೆ ಇಲ್ಲ, ಕಷಾಯ ಇಲ್ಲ. ಓಣಿಯ ಆಚೆ ಬದಿಯಲ್ಲಿ ಹೆಂಗಸರು ಗುಂಪು ಕೂಡಿದ್ದರು. ಅವರ ಮುಂದೆ ಕೋಲೂರಿಕೊಂಡು ಆ ಅಜ್ಜಿ.

“ಬಿಟ್ಟುಬಿಡಿ ಡಾಕ್ಟರೇ,” ಎಂದಳು ಅಜ್ಜಿ. “ನಿಮ್ಮ ಸೂಜಿಗೆ ಆಗುವ ಕೆಲಸ ಅಲ್ಲ. ಅಣ್ಣಂದಿರು ಬಾಗಿಲಲ್ಲೇ ಕೂತಿದ್ದಾರೆ.”

ನಾನು ತಿರುಗಿ ಹೊಸಿಲು ನೋಡಿದೆ. ನೋಡಬಾರದಿತ್ತು, ಆದರೂ ನೋಡಿದೆ. ಇವತ್ತಿಗೂ ಆ ಹೊಸಿಲು ಕಣ್ಣಿಗೆ ಕಟ್ಟಿದಂತಿದೆ, ಮರಳು ತುಂಬಿದ ಒಂದು ಮೆಟ್ಟಿಲು, ಯಾರೂ ಇಲ್ಲ.

ಡಾಕ್ಟರು ಒಳಗೆ ಹೋಗಿ ನೆಲದ ಮೇಲೆ ಕೂತರು. “ತಾಯೀ, ಬೆಳಿಗ್ಗೆ ಎದ್ದು ಮಗುವಿಗೆ ಏನೇನು ಮಾಡುತ್ತೀಯೋ ಅದನ್ನೆಲ್ಲ ಈಗ ನನ್ನ ಮುಂದೆ ಮಾಡು. ಒಂದನ್ನೂ ಬಿಡಬೇಡ,” ಎಂದರು.

ಅವಳು ನೀರು ಬಿಸಿ ಮಾಡಿದಳು. ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದಳು, ನಮ್ಮೂರಲ್ಲಿ ಮೀಯಿಸಿದ ಹಾಗೆಯೇ. ಎಳ್ಳೆಣ್ಣೆ ತಿಕ್ಕಿದಳು. ಡಾಕ್ಟರು ಎಣ್ಣೆ ಮೂಸಿ ನೋಡಿ ತಲೆಯಾಡಿಸಿದರು. ಆಮೇಲೆ ಅವಳು ಮೂಲೆಯ ತಗಡಿನ ಪೆಟ್ಟಿಗೆಯ ಮುಂದೆ ಕೂತು ಮುಚ್ಚಳ ಎತ್ತಿದಳು. ಒಳಗೆ ಪುಟ್ಟ ಅಂಗಿಗಳು, ಟೊಪ್ಪಿಗಳು, ಹೊದಿಕೆ. ಮಡಿಕೆ ಮಡಿಕೆಯ ನಡುವೆ ಬಿಳೀ ಗುಳಿಗೆಗಳು. ಅಮ್ಮನ ಪೆಟ್ಟಿಗೆಯ ವಾಸನೆ ಕೋಣೆಯೆಲ್ಲ ತುಂಬಿತು.

ಅವಳನ್ನು ಸಮಾಧಾನ ಮಾಡಲೆಂದು ನಾನು ನನ್ನ ಹರಕು ಅರಬಿಯಲ್ಲಿ ಹೇಳಿದೆ, “ಒಳ್ಳೆ ವಾಸನೆ. ನನ್ನ ಅಮ್ಮನೂ ಹೀಗೇ ಇಡುತ್ತಾಳೆ.”

ಡಾಕ್ಟರು ನನ್ನ ಮುಖ ನೋಡಿದರು. ಪೆಟ್ಟಿಗೆ ನೋಡಿದರು. ಮರುಕ್ಷಣ ಎದ್ದು ನಿಂತು, “ಮುಚ್ಚು! ಅದನ್ನು ಮುಚ್ಚು! ಸಿಸ್ಟರ್, ಮಗುವನ್ನು ಹೊರಗೆ ಒಯ್ಯಿರಿ,” ಎಂದು ಕಿರುಚಿದರು. ಅವರು ಹಾಗೆ ಕಿರುಚಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಎಣ್ಣೆ ಮೈಯ ಬತ್ತಲೆ ಮಗುವನ್ನು ಅಬಾಯದೊಳಗೆ ಅವುಚಿಕೊಂಡು ನಾನು ವ್ಯಾನಿಗೆ ಓಡಿದೆ.

ನುಸಿಗುಳಿಗೆ. ನಮ್ಮಲ್ಲಿ ಡಾಂಬರು ಗುಳಿಗೆ ಎಂದೂ ಹೇಳುತ್ತಾರೆ. ಆ ಕೊರತೆ ಇದ್ದ ರಕ್ತಕ್ಕೆ ಅದು ವಿಷ. ತಿನ್ನಲೇಬೇಕೆಂದಿಲ್ಲ, ಎಳೆಯ ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋಗುತ್ತದೆ, ಮೈಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಬೇಗ. ಮನೆಗೆ ಹೊರಟ ದಿನ ಅದೇ ಅಂಗಿ ತೊಟ್ಟ ಮಗುವನ್ನು ಇಡೀ ಕ್ಲಿನಿಕ್ಕು ಎತ್ತಿ ಆಡಿಸಿತ್ತು. ಕೇರಳದವರಿಗೂ ಈಜಿಪ್ಟಿನವರಿಗೂ ನನಗೂ ಆ ವಾಸನೆ ಎಂದರೆ ಒಪ್ಪವಾಗಿ ಇಟ್ಟ ಬಟ್ಟೆ. ಅದರಲ್ಲಿ ಸಾವು ಇದ್ದೀತೆಂದು ಮೂಗಿಗೆ ಹೇಳಿಕೊಟ್ಟವರಿರಲಿಲ್ಲ.

ಆ ಅಂಗಿಗಳು ಅಣ್ಣಂದಿರದ್ದು. ಮೊದಲ ಮಗು ತೊಟ್ಟದ್ದನ್ನು ಒಗೆದು ಗುಳಿಗೆ ಹಾಕಿ ಇಟ್ಟಿದ್ದಳು, ಎರಡನೆಯವನು ಹುಟ್ಟಿದಾಗ ತೆಗೆದು ತೊಡಿಸಿದಳು. ಅವನೂ ಹೋದ ಮೇಲೆ ಮತ್ತೆ ಒಗೆದು ಮತ್ತೆ ಗುಳಿಗೆ ಹಾಕಿ ಇಟ್ಟಳು. ಮೊದಲನೆಯವನಿಗೂ ಹೊಸ ಅಂಗಿಯ ಜೊತೆಗೇ ಗುಳಿಗೆ ಬಂದಿತ್ತು. ಕೇರಿಯಲ್ಲಿ ಮಗು ಹುಟ್ಟಿದರೆ ಆ ಹೆರಿಗೆಯ ಅಜ್ಜಿ ತಾನೇ ಹೊಲಿದ ಒಂದು ಅಂಗಿಯಲ್ಲಿ ಬಿಳೀ ಗುಳಿಗೆಗಳನ್ನು ಕಟ್ಟಿ ಕೊಡುವುದು ಪದ್ಧತಿ. ಜಿರಲೆಗೆ, ನುಸಿಗೆ, ಕೆಟ್ಟ ಕಣ್ಣಿಗೆ.

ಈ ಸಲ ಕಾರಣ ಬೇಗ ಸಿಕ್ಕಿತು, ಕಾಮಾಲೆ ದೀಪದ ಬೆಳಕಿನಲ್ಲೇ ಇಳಿಯಿತು. ಮಗು ಬಾಯಿ ಚಪ್ಪರಿಸಿ ಹಾಲು ಕುಡಿಯತೊಡಗಿತು. ಆದರೆ ತಾಯಿಗೆ ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

“ಡಾಕ್ಟ್ರಿಗೆ ಹೇಳಿ ಸಿಸ್ಟರಕ್ಕ, ಅವಳಿಗೆ ಎಂತದೂ ಹೇಳುದು ಬೇಡ ಅಂತ,” ಎಂದರು ಸಾಹೇಬರು. ಅವರ ಕಣ್ಣು ಒದ್ದೆಯಾಗಿತ್ತು. “ಗುಳಿಗೆ ಬಿಸಾಡು ಅಂದ್ರೆ ಮುಗೀತಲ್ಲ. ನಿನ್ನ ಕೈಯಾರೆ ಹೋದ್ರು ಅಂತ ತಾಯಿಯತ್ರ ಹೇಳುದಾ? ಅದಕ್ಕಿಂತ ಕುಲೆ ಕರ್ಕೊಂಡು ಹೋಯ್ತು ಅಂತ ಇರುದೇ ವಾಸಿ ಮಾರಾಯ್ತಿ.”

ನಾನೂ ಅದನ್ನೇ ಡಾಕ್ಟರಿಗೆ ಹೇಳಿದೆ. ಅವರು ಒಪ್ಪಲಿಲ್ಲ. “ಈ ಜನರಿಗೆ ಯಾವ ಡಾಕ್ಟರೂ ಕಾರಣ ಹೇಳಿದ್ದಿಲ್ಲ, ಸಿಸ್ಟರ್. ಇದು ನುಂಗು, ಅದು ಬಿಸಾಡು, ಹೋಗು. ಕಾರಣ ಹೇಳದಿದ್ದರೆ ಅವಳು ಗುಳಿಗೆ ಬಿಸಾಡುತ್ತಾಳೆ, ಆದರೆ ಹೊಸಿಲಲ್ಲಿ ಕೂತ ಆ ಇಬ್ಬರನ್ನು ಎಬ್ಬಿಸುವುದು ಯಾರು?”

ಮಗುವನ್ನು ಮನೆಗೆ ಒಯ್ಯಲು ಅವಳು ಬಂದ ದಿನ ಅವರೇ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಅಳಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು, ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಹಾಗಾದರೆ ಅವರು ಕರೆಯಲಿಲ್ಲ,” ಎಂದಳು.

“ಇಲ್ಲ.”

“ನಾನೇ ಕಳಿಸಿದ್ದು.”

“ಅಲ್ಲ,” ಎಂದರು ಡಾಕ್ಟರು. “ಆ ಇಬ್ಬರನ್ನೂ ಡಾಕ್ಟರಿಗೆ ತೋರಿಸಿದ್ದೆ ಎಂದೆಯಲ್ಲ. ನೋಡಬೇಕಾದವರು ನಾವು. ನಮಗೆ ಕಾಣಲಿಲ್ಲ.”

ಅವಳು ಯಾರನ್ನೂ ನೋಡದೆ ಹೇಳಿದಳು. “ಎರಡನೆಯವನನ್ನು ತೋರಿಸಲು ಹೋದ ಕಡೆ ಡಾಕ್ಟರು ಎದೆಗೆ ಕಿವಿ ಇಟ್ಟು ನೋಡಿದರು. ಗಟ್ಟಿಯಾಗಿದ್ದಾನೆ ಎಂದರು. ನರ್ಸು ಎತ್ತಿಕೊಂಡು, ಎಷ್ಟು ಒಳ್ಳೆ ವಾಸನೆ ಎಂದಳು. ನಾನು ಖುಷಿಪಟ್ಟೆ.” ಆಮೇಲೆ ನನ್ನ ಕಡೆ ತಿರುಗಿ, “ನಿಮಗೆಲ್ಲ ಮೂಗು ಇತ್ತು,” ಎಂದಳು.

ಡಾಕ್ಟರು ಮುಂದಿನ ಶುಕ್ರವಾರ ಕೇರಿಯ ಮನೆ ಮನೆಗೂ ಹೋಗಿ ಗುಳಿಗೆ ತೆಗೆಸುವುದೆಂದು ನಿಶ್ಚಯಿಸಿದ್ದರು. ನಾವು ಹೋದಾಗ ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಓಣಿಯ ಬಾಯಲ್ಲೇ ಕಾದಿದ್ದಳು. ಕೈಯಲ್ಲಿ ಖಾಲಿ ಹಾಲಿನಪುಡಿಯ ಡಬ್ಬ.

“ನಾನು ಹೇಳುತ್ತೇನೆ,” ಎಂದಳು. “ನೀವು ಹೇಳಿದರೆ ಬೈದ ಹಾಗೆ ಕೇಳುತ್ತದೆ.”

ಮೊದಲ ಮನೆಯ ಬಾಗಿಲಲ್ಲಿ ಅವಳನ್ನು ಕಂಡು ಒಳಗಿನ ಹೆಂಗಸು ತನ್ನ ಮಗನನ್ನು ಸೆರಗಿನ ಹಿಂದೆ ಎಳೆದುಕೊಂಡಳು. ಇವಳು ಹೊಸಿಲ ಹೊರಗೇ ಕೂತಳು. ತನ್ನ ಇಬ್ಬರು ಗಂಡುಮಕ್ಕಳ ಹೆಸರು ಹೇಳಿದಳು. ಪೆಟ್ಟಿಗೆ, ಅಂಗಿ, ಗುಳಿಗೆ, ಎಲ್ಲ ಹೇಳಿದಳು, ಮಳೆ ಬಂತು ಬಟ್ಟೆ ಒದ್ದೆಯಾಯಿತು ಎನ್ನುವಷ್ಟು ಸಾದಾ ದನಿಯಲ್ಲಿ. ಬೆನ್ನಿಗಿದ್ದವನನ್ನು ತಿರುಗಿಸಿ ರೆಪ್ಪೆ ಎಳೆದು ತೋರಿಸಿದಳು. ಬೆಳ್ಳಗಿತ್ತು. ಒ‍ಳಗಿನ ಹೆಂಗಸು ಪೆಟ್ಟಿಗೆ ತೆರೆದು ಗುಳಿಗೆ ಆರಿಸಿ ತಂದು ಡಬ್ಬಕ್ಕೆ ಹಾಕಿದಳು. ಹಾಕುತ್ತಿದ್ದ ಹಾಗೆ ಅವಳ ಕೈ ನಿಂತಿತು. ಅವಳಿಗೂ ಒಬ್ಬ ಇದ್ದನಂತೆ. ನಾಲ್ಕು ವರ್ಷದ ಹಿಂದೆ, ಹಾಲು ಬಿಟ್ಟು ಹೋದವನು. ಗೋಡೆಗೆ ಒರಗಿ ಅವಳು ಅಳತೊಡಗಿದಳು, ಇವತ್ತೇ ಹೋದ ಹಾಗೆ.

ಮದ್ದು ಕೊಡಲು ಹೋದವರು ನಾವು. ಆ ಮಧ್ಯಾಹ್ನ ಒಂದೊಂದು ಮನೆಯ ಪೆಟ್ಟಿಗೆ ತೆರೆಸಿದ ಹಾಗೆಲ್ಲ ಅದರೊಳಗಿಂದ ಸತ್ತ ಮಗುವೊಂದು ಎದ್ದು ಬರುತ್ತಿತ್ತು. ಎಲ್ಲರದ್ದೂ ಗುಳಿಗೆಯಿಂದಲೇ ಎಂದು ಹೇಳಲಿಕ್ಕಾಗದು. ಜ್ವರದಿಂದ ಹೋದದ್ದಿರಬಹುದು, ಭೇದಿಯಿಂದ ಹೋದದ್ದಿರಬಹುದು. ಲೆಕ್ಕ ಇಟ್ಟವರು ಯಾರು? ಆ ಮಕ್ಕಳು ಹುಟ್ಟಿದ್ದೇ ಯಾವ ಕಾಗದದಲ್ಲೂ ಇರಲಿಲ್ಲ, ಸತ್ತದ್ದು ಎಲ್ಲಿಂದ ಇರಬೇಕು! ಡಾಕ್ಟರು ಓಣಿಯ ಮಧ್ಯೆ ನಿಂತುಬಿಟ್ಟರು. “ನಾನು ತಪ್ಪು ಮಾಡಿದೆನೇ?” ಎಂದು ಯಾರನ್ನೋ ಕೇಳಿದರು. ಸಾಹೇಬರು ವ್ಯಾನಿನೊಳಗೆ ಕೂತು ಕಿವಿ ಮುಚ್ಚಿಕೊಂಡಿದ್ದರು.

ಅವಳು ಮಾತ್ರ ನಿಲ್ಲಲಿಲ್ಲ. ಡಬ್ಬ ಹಿಡಿದು ಒಂದು ಮನೆ ಬಿಟ್ಟು ಇನ್ನೊಂದಕ್ಕೆ. ಮೂರೋ ನಾಲ್ಕೋ ಮನೆಗಳ ಹೆಂಗಸರು ಅವಳನ್ನು ಒಳಗೆ ಕರೆದರು, ಒಬ್ಬಳು ತನ್ನ ಗಂಡುಮಗುವನ್ನು ಅವಳ ಮಡಿಲಲ್ಲಿ ಇಟ್ಟಳು. ಆಗ ಮಾತ್ರ ಅವಳ ತುಟಿ ನಡುಗಿದ್ದನ್ನು ನೋಡಿದೆ.

ಓಣಿಯ ತುದಿಯ ಕೊನೆಯ ಮನೆ ಆ ಅಜ್ಜಿಯದು. ಅಜ್ಜಿ ಒಬ್ಬಳೇ, ಮಂಚದ ಮೇಲೆ ಕೂತು, ಹತ್ತಿರ ಹಿಡಿದ ಬಿಳೀ ಬಟ್ಟೆಗೆ ಹಸಿರು ನೂಲು ಹೊಲಿಯುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಹೊಲಿದಿಟ್ಟ ಪುಟ್ಟ ಅಂಗಿಗಳು, ಒಂದು ಚೀಲ ಬಿಳೀ ಗುಳಿಗೆ. ಅಲ್ಲಿಯತನಕ ಮನೆ ಮನೆಗೂ ನಿಜ ಹೇಳಿ ಬಂದವಳು ಇಲ್ಲಿ ಏನು ಹೇಳುತ್ತಾಳೋ ಎಂದು ನಾನು ಬಾಗಿಲಲ್ಲೇ ನಿಂತೆ. ನಿಜ ಹೇಳಬೇಕೆಂದರೆ ಹೇಳಲಿ ಎಂದೇ ನನಗಿತ್ತು. ಇವಳನ್ನು ಕೇರಿಯಿಂದ ದೂರ ಇಟ್ಟ ನಾಲಿಗೆ ಅದು. ಒಮ್ಮೆ ಮುಟ್ಟಿ ನೋಡಿಕೊಳ್ಳಲಿ.

ಅವಳು ಅಜ್ಜಿಯ ಕಾಲ ಬಳಿ ಕೂತಳು. “ಅಜ್ಜೀ, ಈ ಗುಳಿಗೆಯ ವಾಸನೆ ನಿನ್ನ ಕಣ್ಣಿಗೆ ಕೆಟ್ಟದ್ದಂತೆ. ಡಾಕ್ಟರು ಹೇಳಿದರು. ಕೊಡು, ನಾನು ಬಿಸಾಡುತ್ತೇನೆ,” ಎಂದಳು. ಮಕ್ಕಳ ಮಾತೇ ಎತ್ತಲಿಲ್ಲ.

ಅಜ್ಜಿ ಚೀಲ ಎತ್ತಿ ಕೊಟ್ಟಳು. ಕೊಡುವಾಗ ಅವಳ ಬೆನ್ನಿನ ಮಗುವನ್ನು ಬೆರಳಿನಿಂದ ತಡವಿ ನೋಡಿದಳು, ಮೂಗು, ಬಾಯಿ, ಕೆನ್ನೆ. ಅವಳು ಅಲುಗಾಡದೆ ಕೂತು ತಡವಿಸಿಕೊಂಡು, ಆಮೇಲೆ ಎದ್ದು ಹೊರಗೆ ಹೋದಳು. ಡಾಕ್ಟರು ಮೊದಲೇ ವ್ಯಾನಿನ ಕಡೆ ನಡೆದಿದ್ದರು. ಬಾಗಿಲಲ್ಲಿ ಹಿಂದೆ ಉಳಿದವಳು ನಾನೊಬ್ಬಳೇ.

ಆಗ ಓಣಿಯ ಅಳು ಕೇಳಿಸಿತು. ಮಧ್ಯಾಹ್ನವಿಡೀ ಆ ಅಳು ಒಂದೊಂದೇ ಮನೆ ದಾಟಿ ಈ ಬಾಗಿಲಿನವರೆಗೆ ಬಂದಿತ್ತು. ಕಣ್ಣು ಮಂಜಾದವಳಿಗೆ ಕಿವಿ ಮಂಜಾಗಿರಲಿಲ್ಲ.

ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಮಡಿಲಲ್ಲಿ ಇಟ್ಟಳು. ನಾನು ನಿಂತ ದಿಕ್ಕಿಗೆ ಸರಿಯಾಗಿ ಮುಖ ತಿರುಗಿಸಿದಳು. ಮೆತ್ತಗೆ ಕೇಳಿದಳು.

“ಕಮ್?”

ಮೀನಿನ ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ, ದಿನಕ್ಕೆ ನೂರು ಸಲ ನನ್ನ ಬಾಯಲ್ಲೇ ಬರುತ್ತಿದ್ದ ಶಬ್ದ. ಅದು ಗೊತ್ತಿಲ್ಲದವರು ಆ ಊರಿನಲ್ಲೇ ಇಲ್ಲ ಎಂಬುದು ಅಜ್ಜಿಗೂ ಗೊತ್ತಿತ್ತು.

“ಅರಬಿ ಬರುವುದಿಲ್ಲ,” ಎಂದೆ, ಅರಬಿಯಲ್ಲೇ.

ಅಜ್ಜಿ ತಲೆ ಆಡಿಸಿದಳು.

“ಅಷ್ಟೊಂದಾ,” ಎಂದಳು.